ಮುಂಜಾನೆ ಮಡಚದ ಬೆರಳು

ಅವರೆಕಾಯಿ ಕಾಲ ಬಂತೆಂದರೆ ಮಾಗಡಿ ಸೀಮೆಯ ಜಗಲಿಗಳಿಗೆ ಕಳೆ ಬರುತ್ತದೆ. ಗುಡೇಮಾರನಹಳ್ಳಿಯಲ್ಲೂ ಅಷ್ಟೆ; ಕಾಯಿ ಸುಲಿಯುತ್ತಾ ಊರಿನ ಮಾತೆಲ್ಲ ಹೊರಗೆ ಬರುತ್ತದೆ. ಅದರ ನಡುವೆ ಯಾರಾದರೊಬ್ಬರು, "ಬೆಳಗ್ಗೆ ಎದ್ರೆ ಬೆರಳು ಮಡಚಾಕಾಗಲ್ಲ ಕಣವ್ವ" ಅನ್ನುವುದೂ ಉಂಟು. ವಾಯು ಎನ್ನುತ್ತಾರೆ ಒಬ್ಬರು, ಚಳಿ ಎನ್ನುತ್ತಾರೆ ಇನ್ನೊಬ್ಬರು. ಆದರೆ ಬಿಗಿತ ಹೊತ್ತೇರಿದರೂ ಬಿಡದೆ, ಎರಡೂ ಕೈಯ ಸಣ್ಣ ಕೀಲುಗಳು ಊದಿಕೊಂಡರೆ ಅದು ರುಮಟಾಯ್ಡ್ ಸಂಧಿವಾತ ಇರಬಹುದು: ಮೈ ಕಾಯಬೇಕಾದ ರೋಗನಿರೋಧಕ ಶಕ್ತಿ ಕೀಲಿನ ಮೇಲೇ ತಿರುಗಿಬೀಳುವ ಕಾಯಿಲೆ. ಹೆಂಗಸರಿಗೇ ಹೆಚ್ಚು.

"ನಮ್ಮವ್ವಂಗೂ ಹಿಂಗೇ ಇತ್ತು, ನನ್ನ ಮಗಳಿಗೂ ಬತ್ತದಾ?" ಈ ಪ್ರಶ್ನೆಗೆ ವಿಜ್ಞಾನ ಬಹಳ ತಿಣುಕಿದೆ. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೂ ಬರುವುದು ಸುಮಾರು ನೂರಕ್ಕೆ 15 ಸಲ ಮಾತ್ರ. ರಕ್ತದ ಪಾಲಿದೆ, ಅದೊಂದೇ ಅಲ್ಲ. ಬೀಡಿ, ಸಿಗರೇಟಿನ ಹೊಗೆಗೂ ಪಾಲಿದೆ. 2014ರಲ್ಲಿ ಲಕ್ಷ ಜನರ ಜೀನೋಮ್, ಅಂದರೆ ಜೀನುಗಳ ಇಡೀ ಕಂತೆಯನ್ನು, ಜಾಲಾಡಿದಾಗ ಈ ಕಾಯಿಲೆಗೆ ನಂಟಿರುವ 101 ತಾಣಗಳು ಕಂಡವು. ಮಾಗಡಿ ರಂಗನಾಥನ ತೇರಿನ ಹಗ್ಗಕ್ಕೆ ಕೈಹಾಕಿದವರ ಹಾಗೆ, ಎಲ್ಲವೂ ಒಂದಿಷ್ಟಿಷ್ಟು ಎಳೆಯುತ್ತವೆ. ಆರನೇ ವರ್ಣತಂತುವಿನ ಎಚ್‌ಎಲ್‌ಎ ಎಂಬ, ರೋಗನಿರೋಧಕ ಶಕ್ತಿಗೆ ಸಂಬಂಧಿಸಿದ ಜೀನುಗಳ ಎಳೆತ ಮಾತ್ರ ಜೋರು.

ನನಗೆ ಸಂಕಟವಾಗುವುದು ಇಲ್ಲಿ. ಇಂಥ ಲೆಕ್ಕದ ಬಹುಪಾಲು ಯುರೋಪಿನ ರಕ್ತದಿಂದ ಬಂದದ್ದು. ಅಲ್ಲಿ ಎಚ್‌ಎಲ್‌ಎ ನಂತರ ದೊಡ್ಡ ಹೆಸರು ಪಿಟಿಪಿಎನ್22 ಜೀನಿನ ಒಂದು ರೂಪಾಂತರ. ಏಷ್ಯಾದವರಲ್ಲಿ ಅದು ತೀರಾ ವಿರಳ. ಅವರ ಅಳತೆಯಿಂದ ನಮ್ಮ ಅವ್ವಂದಿರ ಅಪಾಯ ಹೇಳುವುದು ಹೇಗೆ? ಸೋದರಮಾವನಿಗೆ ಹೆಣ್ಣು ಕೊಟ್ಟು, ಜಾತಿಯೊಳಗೇ ಸಂಬಂಧ ಬೆಳೆಸಿದ ನಮ್ಮ ಜೀನುಗಳ ಕಥೆಯೇ ಬೇರೆ.

2020ರಲ್ಲಿ ಶುರುವಾದ ಜೀನೋಮ್ ಇಂಡಿಯಾ ಯೋಜನೆ ಈ ಕೊರತೆ ತುಂಬಲು ಹೊರಟದ್ದು. ಅದನ್ನು ಮುನ್ನಡೆಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ ಎನ್ನುವುದು ಹೆಮ್ಮೆಯ ವಿಷಯ. ಎಂಬತ್ತಕ್ಕೂ ಹೆಚ್ಚು ಸಮುದಾಯಗಳ ಸುಮಾರು 10,000 ಜನರ ಮಾಹಿತಿ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಿತು. ಆದರೆ ಅವರು ಆರೋಗ್ಯವಂತರು. ಕಾಯಿಲೆಯ ಗುಟ್ಟು ಹೊರಬರಲು, ಕೀಲು ಹಿಡಿದವರ ರಕ್ತವನ್ನೂ ಪಕ್ಕದಲ್ಲಿಟ್ಟು ಹೋಲಿಸಬೇಕು. ಆ ರಕ್ತ ಕೇಳಲು ಬರುವವರು ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ತರಲಿ, ಜಗಲಿ ಮೇಲೆ ಕೂತು ಓದಿ ಹೇಳಲಿ, ಸಿಕ್ಕ ಫಲಿತಾಂಶವನ್ನೂ ಅದೇ ಜಗಲಿಗೆ ಬಂದು ತಿಳಿಸಲಿ.