ಗೆರೆ ಸರಿಸಿದ್ದು ನಾನೇ

ಕಳೆದ ದೀಪಾವಳಿಗೆ ಅಮ್ಮ ದಾವಣಗೆರೆಯಿಂದ ಬಂದಿದ್ದಳು. ರಾತ್ರಿ ಊಟ ಆದ ಮೇಲೆ ನಾನು ಎಂದಿನಂತೆ ಸೋಫಾ ಮೂಲೆ ಹಿಡಿದು ಮೊಬೈಲ್‌ನಲ್ಲಿ ಷೇರಿನ ಚಾರ್ಟ್ ನೋಡ್ತಾ ಕೂತಿದ್ದೆ. ಪಕ್ಕದಲ್ಲಿ ಕೂತ ಅಮ್ಮ ಕನ್ನಡಕ ಏರಿಸಿಕೊಂಡು ಇಣುಕಿದಳು.

"ಏನೋ ಇದು, ಇಷ್ಟೊಂದು ಗೆರೆ? ಮಗು ಗೀಚಿದಂಗೆ ಐತಲ್ಲೋ!"

ಉತ್ತರ ಬಾಯಿಗೆ ಬರಲಿಲ್ಲ. ಯಾಕಂದ್ರೆ ಆ ಗೆರೆಗಳ ಕೆಳಗೆ ಸಿಕ್ಕಿಕೊಂಡಿದ್ದು ಅವಳದೇ ದುಡ್ಡು.

ಅಮ್ಮ ಬ್ಲೌಸ್ ಹೊಲಿಯುತ್ತಾಳೆ. ವರ್ಷಗಟ್ಟಲೆ ಹೊಲಿದು ಕೂಡಿಟ್ಟ 1,80,000 ರೂಪಾಯಿಯನ್ನು ತಂಗಿಯ ಮದುವೆಗೆ ಅಂತ ನನ್ನ ಖಾತೆಗೆ ಹಾಕಿ, "ಎಫ್‌ಡಿ ಮಾಡಿಸಪ್ಪಾ" ಅಂದಿದ್ದಳು. ಮದುವೆಗೆ ಇನ್ನೂ ಸುಮಾರು ಒಂದು ವರ್ಷ ಇತ್ತು. ಅಷ್ಟರಲ್ಲಿ ಸ್ವಲ್ಪ ಬೆಳೆಸೋಣ ಅಂತ ನಾನು ಒಂದೇ ಕಂಪನಿಯ 436 ಷೇರು ತಗೊಂಡೆ, ತಲಾ 412ಕ್ಕೆ.

ಸುಮ್ಮನೆ ತಗೊಂಡಿರಲಿಲ್ಲ, ಗೆರೆ ಎಳೆದೇ ತಗೊಂಡಿದ್ದೆ. ಬೆಲೆ ಏರುವಾಗ ಒಂದೇ ಸಮನೆ ಏರಲ್ಲ. ಏರುತ್ತೆ, ಸ್ವಲ್ಪ ಇಳಿಯುತ್ತೆ, ಮತ್ತೆ ಏರುತ್ತೆ. ಹಾಗೆ ಇಳಿದು ನಿಂತ ತಳಗಳನ್ನು ಸೇರಿಸುವ ಓರೆ ಗೆರೆಯೇ ಟ್ರೆಂಡ್‌ಲೈನ್. ಎರಡು ತಳ ಸಿಕ್ಕರೆ ಗೆರೆ ಎಳೆಯಬಹುದು. ಮೂರನೇ ಸಲವೂ ಬೆಲೆ ಅಲ್ಲಿಗೇ ಬಂದು ಮೇಲೆದ್ದರೆ ಆ ಗೆರೆಗೆ ಒಂದಿಷ್ಟು ತೂಕ. ನಾನು ಕೊಂಡ ದಿನ ನನ್ನ ಗೆರೆ 396ರ ಹತ್ತಿರ ಇತ್ತು. "ದಿನದ ಕೊನೆಗೆ ಬೆಲೆ ಇದರ ಕೆಳಗೆ ಮುಗಿದ್ರೆ ಮಾರಿಬಿಡ್ತೀನಿ" ಅಂತ ಸ್ಕ್ರೀನ್‌ಶಾಟ್ ಸಮೇತ ಗೆಳೆಯನಿಗೆ ವಾಟ್ಸಾಪ್ ಕೂಡ ಮಾಡಿದ್ದೆ.

ಮೂರು ವಾರಕ್ಕೆ ಗೆರೆ 402ಕ್ಕೆ ಏರಿತ್ತು. ಬೆಲೆ 398ಕ್ಕೆ ಮುಗಿಯಿತು. ಮಾರಬೇಕಿತ್ತು. ಮಾರಲಿಲ್ಲ, ಗೆರೆ ಸರಿಸಿದೆ.

ಮೊದಲ ಸಲ ಸರಿಸಲು ಕಾರಣವೂ ಇತ್ತು: 'ಗೆರೆಯನ್ನು ಕ್ಯಾಂಡಲ್‌ನ ಮೈಗೆ ತಾಗಿಸಿದ್ದೇ ತಪ್ಪು, ಕೆಳಗಿನ ಬಾಲದ ತುದಿಗೆ ತಾಗಿಸಬೇಕು.' ಎರಡನೇ ಸಲ ಲಾಗ್ ಸ್ಕೇಲ್ ಬಿಟ್ಟು ಮಾಮೂಲಿ ಸ್ಕೇಲ್‌ಗೆ ಬಂದೆ. ಲಾಗ್ ಸ್ಕೇಲ್‌ನಲ್ಲಿ 100ರಿಂದ 200ಕ್ಕೂ 200ರಿಂದ 400ಕ್ಕೂ ಒಂದೇ ಎತ್ತರ. ಮಾಮೂಲಿ ಸ್ಕೇಲ್‌ನಲ್ಲಿ ಹಾಗಲ್ಲ. ಹೀಗಾಗಿ ಅದೇ ಎರಡು ತಳಗಳಿಂದ ಹೊರಟ ಏರುಗೆರೆ ಮುಂದಕ್ಕೆ ಹೋಗ್ತಾ ಸ್ವಲ್ಪ ಕೆಳಗೆ ಕೂತಿತು. ನನಗೆ ಬೇಕಿದ್ದದ್ದೂ ಅದೇ! ಮೂರನೇ ಸಲ ದಿನದ ಚಾರ್ಟ್ ಬಿಟ್ಟು ವಾರದ ಚಾರ್ಟ್‌ಗೆ ಹೋದೆ. ಬೆಲೆ ಇಳಿದಷ್ಟೂ ಹೊಸ ಗೆರೆ. ಸ್ಕ್ರೀನ್ ತುಂಬಿ ಹೋದಾಗ ಕಣ್ಣಿನ ಚಿತ್ರದ ಬಟನ್ ಒತ್ತಿ ಎಲ್ಲವನ್ನೂ ಮರೆಮಾಡುತ್ತಿದ್ದೆ. ಮರೆಯಾಗಿರುತ್ತಿದ್ದವು ಅಷ್ಟೇ, ಹೋಗಿರುತ್ತಿರಲಿಲ್ಲ.

ಅಮ್ಮ ಮಲಗಿದ ಮೇಲೆ ಗೆರೆಗಳ ಪಟ್ಟಿ ತೆರೆದು ಎಣಿಸಿದೆ. ಒಂದೇ ಷೇರಿನ ಮೇಲೆ 43! ಗೆಳೆಯನಿಗೆ ಕಳಿಸಿದ್ದ ಹಳೇ ಸ್ಕ್ರೀನ್‌ಶಾಟ್ ಹುಡುಕಿ ಪಕ್ಕದಲ್ಲಿಟ್ಟು ನೋಡಿದೆ. ಆವತ್ತಿನ ಗೆರೆ ಆ ನಲವತ್ತಮೂರರಲ್ಲಿ ಒಂದೂ ಅಲ್ಲ. ಅದನ್ನೇ ಎಳೆದೆಳೆದು ಎಲ್ಲಿಗೋ ಒಯ್ದಿದ್ದೆ.

ಎಡ್ವರ್ಡ್ಸ್ ಮತ್ತು ಮೆಗೀ ಬರೆದ 'ಟೆಕ್ನಿಕಲ್ ಅನಾಲಿಸಿಸ್ ಆಫ್ ಸ್ಟಾಕ್ ಟ್ರೆಂಡ್ಸ್' 1948ರಲ್ಲಿ ಬಂದ ಪುಸ್ತಕ. ಆಗ ಚಾರ್ಟ್ ಅಂದ್ರೆ ಗ್ರಾಫ್ ಹಾಳೆ, ಗೆರೆ ಅಂದ್ರೆ ಪೆನ್ಸಿಲ್. ಅಳಿಸಿದರೂ ಹಾಳೆ ಮೇಲೆ ಕಲೆ ಉಳಿಯುತ್ತಿತ್ತು. ಮೊಬೈಲ್‌ನಲ್ಲಿ ಬೆರಳು ಎಳೆದರೆ ಮುಗೀತು, ಹಳೇ ಗೆರೆ ಎಲ್ಲಿತ್ತು ಅನ್ನೋದಕ್ಕೆ ಗುರುತೇ ಇರಲ್ಲ.

ಹಬ್ಬ ಮುಗಿದು ಮಾರುಕಟ್ಟೆ ತೆರೆದ ದಿನ 318ಕ್ಕೆ ಎಲ್ಲ ಮಾರಿದೆ. ನಷ್ಟ ಸುಮಾರು 41 ಸಾವಿರ. ಮೊದಲ ಗೆರೆ ಮುರಿದಾಗಲೇ ಮಾರಿದ್ದರೆ ಆರು ಸಾವಿರದಲ್ಲಿ ಮುಗಿಯುತ್ತಿತ್ತು.

ಅಮ್ಮ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಎದುರು ಕೂತು ಎಲ್ಲ ಹೇಳಿದೆ. ಗೆರೆ ಸರಿಸಿದ್ದನ್ನೂ ಬಿಡಲಿಲ್ಲ. ಅವಳು ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಬಟ್ಟೆ ಕತ್ತರಿಸಿದ ಮೇಲೆ ಚಾಕಿನ ಗೆರೆ ಸರಿಸಿದ್ರೆ ಬ್ಲೌಸ್ ಸರಿ ಹೋಗ್ತದೇನೋ?" ಅಂದಳು. ಮತ್ತೆ ಒಂದು ಹಿಡಿ ಕಾಯಿ ಸುಲಿದು, "ತಂಗಿಗೆ ಹೇಳಬೇಡ. ತಿಂಗಳಿಗೆ ಎಷ್ಟು ಕೊಡ್ತಿ, ಅದನ್ನ ಹೇಳು" ಅಂದಳು.

ತಿಂಗಳಿಗೆ ಏಳು ಸಾವಿರದಂತೆ ಆರು ಕಂತು. ಉಳಿದ ದುಡ್ಡು ಆ ವಾರವೇ ಎಫ್‌ಡಿಗೆ ಹೋಯಿತು.

ಚಾರ್ಟ್ ನೋಡೋದು ನಾನೇನೂ ಬಿಟ್ಟಿಲ್ಲ. ಆದ್ರೆ ಈಗ ನನ್ನ ಸಂಬಳದ ಚೂರು ದುಡ್ಡಷ್ಟೇ. ಒಂದು ಷೇರಿಗೆ ನಾಲ್ಕಕ್ಕಿಂತ ಹೆಚ್ಚು ಗೆರೆ ಇಲ್ಲ: ವಾರದ್ದು ನೀಲಿ, ದಿನದ್ದು ಕಿತ್ತಳೆ. ದಿನದ ಗೆರೆ ದಿನದ ಚಾರ್ಟ್‌ನಲ್ಲಿ ಮಾತ್ರ ಕಾಣುವಂತೆ ಸೆಟ್ ಮಾಡಿದ್ದೇನೆ. ಸ್ಕೇಲ್ ಯಾವುದು ಅಂತ ಎಳೆಯೋ ಮುಂಚೆಯೇ ತೀರ್ಮಾನ. ಎಳೆದ ತಕ್ಷಣ ಬೀಗದ ಚಿತ್ರ ಒತ್ತಿ ಲಾಕ್, ಗೆರೆಯ ಮೇಲೇ ಅಲರ್ಟ್, ಒಂದು ಸ್ಕ್ರೀನ್‌ಶಾಟ್, ಜೊತೆಗೆ 'ಇದು ಮುರಿದರೆ ಏನು ಮಾಡ್ತೀನಿ' ಅಂತ ಒಂದು ಸಾಲು. ಭಾನುವಾರ ಬೆಳಿಗ್ಗೆ ಕಾಫಿ ಕುಡೀತಾ ಮುರಿದ ಗೆರೆಗಳನ್ನು ಅಳಿಸುತ್ತೇನೆ. ಮರೆಮಾಡುವ ಬಟನ್ ತಂಟೆಗೆ ಹೋಗಲ್ಲ.

ಇಷ್ಟು ಮಾಡಿದ್ರೆ ಲಾಭ ಬರುತ್ತೆ ಅಂತಲ್ಲ. ನಾಳೆ ಬೆಲೆ ಎಲ್ಲಿರುತ್ತೆ ಅಂತ ಗೆರೆಗೆ ಗೊತ್ತಿರಲ್ಲ. ನಾನು ಎಲ್ಲಿ ತಪ್ಪಿದೆ ಅಂತ ಅದು ಹೇಳಬಲ್ಲದು, ನಾನು ಅದನ್ನು ಇದ್ದಲ್ಲೇ ಬಿಟ್ಟರೆ.

ಕಳೆದ ವಾರ ಒಂದು ಗೆರೆ ಮುರಿಯಿತು. ಹೆಬ್ಬೆರಳು ತಾನಾಗಿಯೇ ಅದನ್ನು ಕೆಳಗೆಳೆಯಲು ಹೋಯಿತು. ಲಾಕ್ ಆಗಿತ್ತು, ಜರುಗಲಿಲ್ಲ. 1,900 ರೂಪಾಯಿ ನಷ್ಟಕ್ಕೆ ಮಾರಿ ಮಲಗಿದೆ. ಮಾರನೇ ದಿನ ಅಮ್ಮನಿಗೆ ನಾಲ್ಕನೇ ಕಂತು ಕಳಿಸಿದೆ.