ನಿರೋಧ್ ಮತ್ತು ಯೂಸರ್ ಎರರ್

ಕೊಡಗು ಅಂದ ಕೂಡಲೇ ಎಲ್ಲರೂ ಕಾಫಿ, ಕಿತ್ತಳೆ, ಜೇನು ಅಂತಾರೆ. ರಬ್ಬರ್ ಅಂತ ಯಾರೂ ಹೇಳಲ್ಲ. ಆದರೆ ಮಡಿಕೇರಿಯಿಂದ ಸುಳ್ಯದ ಕಡೆ ಘಾಟಿ ಇಳಿದವರಿಗೆ ಗೊತ್ತು, ಸಂಪಾಜೆ ಹತ್ತಿರವಾಗುತ್ತಿದ್ದಂತೆ ಕಾಫಿ ಹಿಂದೆ ಸರಿದು ರಬ್ಬರ್ ಮರಗಳು ಶುರುವಾಗುತ್ತವೆ. ಮರಕ್ಕೊಂದು ಬಟ್ಟಲು, ಬಟ್ಟಲೊಳಗೆ ಬಿಳೀ ಹಾಲು. ನಮ್ಮ ಕಡೆ ಹೆಚ್ಚಿನವರು ಅದನ್ನು ಶೀಟ್ ಮಾಡಿ, ಒಣಗಿಸಿ ಮಾರುತ್ತಾರೆ. ಇದೇ ಹಾಲು ಇನ್ನೊಂದು ದಾರಿ ಹಿಡಿದರೆ ಏನಾಗುತ್ತೆ ಅನ್ನೋದು ಇವತ್ತಿನ ವಿಷಯ.

ವಿಷಯ ಕಾಂಡೋಮ್. ಮುಜುಗರ ಪಡುವವರು ಇಲ್ಲಿಗೇ ನಿಲ್ಲಿಸಬಹುದು :)

ಮರದ ಹಾಲಿನಲ್ಲಿ ಸುಮಾರು ಮೂರನೇ ಒಂದು ಭಾಗ ರಬ್ಬರ್, ಉಳಿದದ್ದು ಬಹುತೇಕ ನೀರು. ಅದು ಗಟ್ಟಿಯಾಗದಂತೆ ಅಮೋನಿಯಾ ಹಾಕಿ, ಯಂತ್ರದಲ್ಲಿ ತಿರುಗಿಸಿ, ಶೇಕಡಾ 60ರಷ್ಟು ರಬ್ಬರ್ ಇರುವ ಹಾಗೆ ಮಾಡುತ್ತಾರೆ. ಗಂಧಕ ಸೇರಿಸುತ್ತಾರೆ. ಆಮೇಲೆ ಗಾಜಿನ ಅಚ್ಚುಗಳನ್ನು ಅದರಲ್ಲಿ ಅದ್ದಿ ತೆಗೆದು, ಒಣಗಿಸಿ, ಮತ್ತೆ ಅದ್ದುತ್ತಾರೆ. ಈ ಕೆಲಸಕ್ಕೆಂದೇ ಕೇಂದ್ರ ಸರ್ಕಾರ 1966ರಲ್ಲಿ ಹಿಂದೂಸ್ತಾನ್ ಲೇಟೆಕ್ಸ್ ಅನ್ನುವ ಕಂಪನಿ ಕಟ್ಟಿತು. ಜಪಾನಿನ ಒಕಾಮೊಟೊ ಕಂಪನಿಯ ತಂತ್ರಜ್ಞಾನದಿಂದ 1969ರಲ್ಲಿ ತಿರುವನಂತಪುರದ ಪೇರೂರ್ಕಡದಲ್ಲಿ ಉತ್ಪಾದನೆ ಶುರುವಾಯಿತು. 1985ರಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಕಣಗಲಾದಲ್ಲೂ ಒಂದು ಕಾರ್ಖಾನೆ ಬಂತು. ಅದಕ್ಕೂ ಮುಂಚೆ, 1968ರಲ್ಲಿ, ಸರ್ಕಾರ ನಿರೋಧ್ ಅನ್ನುವ ಹೆಸರಿನಲ್ಲಿ ಕಾಂಡೋಮನ್ನು 15 ಪೈಸೆಗೆ ಮೂರರಂತೆ ಮಾರಲು ಹೊರಟಿತ್ತು. ಚಹಾ, ಸೋಪು ಮಾರುವ ಕಂಪನಿಗಳ ಜಾಲದ ಮೂಲಕ ಅದು ಹಳ್ಳಿ ಅಂಗಡಿ ತಲುಪಿತು. ಆ ಹೆಸರು ಎಷ್ಟು ಅಂಟಿಕೊಂಡಿತೆಂದರೆ ಇವತ್ತಿಗೂ ಎಷ್ಟೋ ಹಿರಿಯರ ಬಾಯಲ್ಲಿ ಎಲ್ಲಾ ಕಂಪನಿಯದ್ದೂ ನಿರೋಧೇ.

ವಸ್ತುವಿನ ಗುಣಮಟ್ಟದ ಬಗ್ಗೆ ಓದಿದರೆ ಇಂಜಿನಿಯರ್ ಆದ ನನಗೆ ಹೊಟ್ಟೆಕಿಚ್ಚಾಗುತ್ತೆ. ಕಾರ್ಖಾನೆಯಲ್ಲಿ ಒಂದೊಂದು ಪೀಸನ್ನೂ ವಿದ್ಯುತ್ ಹಾಯಿಸಿ ತೂತಿದೆಯಾ ನೋಡುತ್ತಾರೆ. ಪ್ರತೀ ಲಾಟಿನಿಂದ ಕೆಲವನ್ನು ಎತ್ತಿ 300 ಮಿಲಿಲೀಟರ್ ನೀರು ತುಂಬಿ ಸೋರುತ್ತಾ ಅಂತ ಪರೀಕ್ಷಿಸುತ್ತಾರೆ. ಇನ್ನು ಕೆಲವಕ್ಕೆ ಗಾಳಿ ಊದುತ್ತಾರೆ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಮಾಮೂಲಿ ಅಗಲದ್ದು 18 ಲೀಟರ್ ಗಾಳಿ ತುಂಬುವವರೆಗೂ ಒಡೆಯಬಾರದು. ಅಂದರೆ ನಮ್ಮನೆ ನೀರಿನ ಕೊಡಕ್ಕಿಂತ ದೊಡ್ಡದಾಗಿ ಊದಬೇಕು! ನಾವು ಬರೆಯುವ ಯಾವ ಸಾಫ್ಟ್‌ವೇರೂ ಇಷ್ಟು ಟೆಸ್ಟಿಂಗ್ ಕಂಡಿರಲಿಕ್ಕಿಲ್ಲ.

ಹಾಗಿದ್ದರೂ ಎರಡು ಅಂಕಿ ನೋಡಿ. ಪ್ರತೀ ಸಲವೂ ಸರಿಯಾಗಿ ಬಳಸಿದರೆ ವರ್ಷಕ್ಕೆ 100 ಜೋಡಿಗಳಲ್ಲಿ 2 ಜೋಡಿಗೆ ಗರ್ಭ ನಿಲ್ಲಬಹುದು. ನಿಜ ಜೀವನದಲ್ಲಿ, ಅಂದರೆ ಜನ ಬಳಸುವ ಹಾಗೆ ಬಳಸಿದಾಗ, ಆ ಸಂಖ್ಯೆ 13. ಎರಡೂ ಕಡೆ ರಬ್ಬರ್ ಅದೇ. ಹಾಗಾದರೆ ಮಧ್ಯದ 11 ಎಲ್ಲಿಂದ ಬಂತು?

ನಮ್ಮ ಕಸುಬಿನಲ್ಲಿ ಇದಕ್ಕೊಂದು ಉತ್ತರ ರೆಡಿ ಇರುತ್ತೆ. ಯೂಸರ್ ಎರರ್. ಬಳಸುವವನಿಗೆ ಬುದ್ಧಿಯಿಲ್ಲ, ನಮ್ಮ ಕೋಡ್ ಸರಿ ಇದೆ, ಬಗ್ ಕ್ಲೋಸ್ ಮಾಡಿ. ಆದರೆ ನೂರರಲ್ಲಿ ಹನ್ನೊಂದು ಮಂದಿ ಒಂದೇ ಬಟನ್ ತಪ್ಪು ಒತ್ತುತ್ತಾರೆ ಅಂದರೆ ತಪ್ಪು ಬಟನ್ನಿನದು. ಕಾಂಡೋಮಿನ ಬಗ್ಗೆಯೂ ನನ್ನ ವಾದ ಅಷ್ಟೇ.

ಕೊಡಗಿನ ಒಂದು ಎಸ್ಟೇಟಿನ ಲೈನ್ ಮನೆ ಊಹಿಸಿಕೊಳ್ಳಿ. ಒಂದು ಕೋಣೆ, ಒಂದು ಅಡುಗೆ ಮೂಲೆ, ಪಕ್ಕದಲ್ಲಿ ಮಲಗಿರುವ ಮಕ್ಕಳು. ಮಳೆಗಾಲದಲ್ಲಿ ಕರೆಂಟ್ ಇದ್ದರೆ ಪುಣ್ಯ, ಇದ್ದರೂ ಲೈಟ್ ಹಾಕುವ ಹಾಗಿಲ್ಲ. ಕತ್ತಲಲ್ಲಿ, ಕಾಫಿ ಕುಯ್ದು ಒರಟಾದ ಬೆರಳಿನಲ್ಲಿ, ಜಾರುವ ಪ್ಯಾಕೆಟ್ ಹರಿಯಬೇಕು. ಹರಿಯದಿದ್ದರೆ ಹಲ್ಲು. ಒಳಗಿನದಕ್ಕೂ ಹಲ್ಲು ತಾಗಿದರೆ 18 ಲೀಟರಿನ ಪರೀಕ್ಷೆಯೆಲ್ಲಾ ಅಲ್ಲಿಗೆ ಮುಗಿಯಿತು. ಆಮೇಲೆ ಯಾವ ಕಡೆಯಿಂದ ಬಿಚ್ಚಬೇಕು? ಕತ್ತಲಲ್ಲಿ ಗೊತ್ತಾಗಲ್ಲ. ತಿರುವುಮುರುವಾಗಿ ಇಟ್ಟು, ಬಿಚ್ಚಲ್ಲ ಅಂತ ತಿಳಿದು ಅದನ್ನೇ ತಿರುಗಿಸಿ ಹಾಕಿಕೊಂಡರೆ ರೋಗವೂ ವೀರ್ಯವೂ ಹೊರಮೈಯಲ್ಲೇ ಇರುತ್ತೆ.

ಇನ್ನು ಎಣ್ಣೆ. ಎಣ್ಣೆ ಲೇಟೆಕ್ಸಿನ ಶತ್ರು. 1989ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮಿನರಲ್ ಆಯಿಲ್ ತಾಗಿದ ಕಾಂಡೋಮ್ ಒಂದೇ ನಿಮಿಷದಲ್ಲಿ ಸುಮಾರು ಶೇಕಡಾ 90ರಷ್ಟು ಬಲ ಕಳೆದುಕೊಂಡಿತ್ತು. ಕೊಬ್ಬರಿ ಎಣ್ಣೆಯನ್ನೂ ದೂರ ಇಡಬೇಕು. ಆದರೆ ನಮ್ಮ ಸೀಮೆಯ ಮನೆಯಲ್ಲಿ ಕೈಗೆ ಮೊದಲು ಸಿಗುವುದು ಅದೇ ಬಾಟಲಿ. ಇದನ್ನು ಪ್ಯಾಕೆಟ್ ಮೇಲೆ ಇಂಗ್ಲಿಷಿನಲ್ಲಿ, ಇರುವೆಯಂಥ ಅಕ್ಷರದಲ್ಲಿ ಬರೆದರೆ ಓದುವವರು ಯಾರು? ಕುಯ್ಲಿನ ಕಾಲಕ್ಕೆ ಅಸ್ಸಾಮಿನಿಂದ ಬಂದ ಹುಡುಗ ಕನ್ನಡವನ್ನೂ ಓದಲಾರ. ಎಣ್ಣೆ ಬಾಟಲಿಯ ಚಿತ್ರ, ಅದರ ಮೇಲೊಂದು ಕೆಂಪು ಅಡ್ಡಗೆರೆ. ಇಷ್ಟು ಸಾಕು.

ಅಳತೆಯ ಕಥೆ ನಿಮಗೆ ನೆನಪಿರಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು 1,000ಕ್ಕೂ ಹೆಚ್ಚು ಗಂಡಸರನ್ನು ಅಳೆದು, ಮಾರುಕಟ್ಟೆಯ ಅಳತೆ ಬಹಳ ಮಂದಿಗೆ ದೊಡ್ಡದು ಅಂದಾಗ, 2006ರ ಕೊನೆಯಲ್ಲಿ ಜಗತ್ತಿನ ಪತ್ರಿಕೆಗಳೆಲ್ಲಾ ನಕ್ಕವು. ನಗುವಂಥದ್ದೇನಿದೆ? ಚಪ್ಪಲಿ ದೊಡ್ಡದಾದರೆ ಜಾರುತ್ತೆ, ಚಿಕ್ಕದಾದರೆ ಕಚ್ಚುತ್ತೆ. ಇದೂ ಹಾಗೇ, ಸಡಿಲವಾದರೆ ಜಾರುತ್ತೆ, ಬಿಗಿಯಾದರೆ ಹರಿಯುತ್ತೆ. ಆದರೆ ಅಂಗಡಿಯಲ್ಲಿ ನಿಂತು 'ಸ್ಮಾಲ್ ಕೊಡಿ' ಅನ್ನುವ ಗಂಡು ಭೂಮಿ ಮೇಲೆ ಹುಟ್ಟಿಲ್ಲ. ಅಮೆರಿಕದ ಒಂದು ಕಂಪನಿ ಅಕ್ಷರ ಮತ್ತು ಸಂಖ್ಯೆಯ ಕೋಡ್ ಕೊಟ್ಟು 50ಕ್ಕೂ ಹೆಚ್ಚು ಅಳತೆಗಳಲ್ಲಿ ಮಾರಿದೆ. ಮಾನ ಉಳಿಸುವ ಇಂಥ ಹೆಸರಿಡುವುದೂ ಡಿಸೈನೇ.

ಹೊಸ ಪ್ರಯತ್ನ ನಡೆದಿಲ್ಲ ಅಂತಲ್ಲ. 2013ರಲ್ಲಿ ಗೇಟ್ಸ್ ಫೌಂಡೇಶನ್ ಮುಂದಿನ ತಲೆಮಾರಿನ ಕಾಂಡೋಮಿಗೆ ಐಡಿಯಾ ಕೊಡಿ ಅಂತ ಕರೆ ಕೊಟ್ಟು, ಆಯ್ಕೆಯಾದವರಿಗೆ ತಲಾ 1 ಲಕ್ಷ ಡಾಲರ್ ಕೊಟ್ಟಿತು. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಅರವಿಂದ್ ವಿಜಯರಾಘವನ್ ತಂಡ ಲೇಟೆಕ್ಸಿಗೆ ಗ್ರಾಫೀನ್ ಬೆರೆಸಲು ಹೊರಟಿತು. ನಮ್ಮ ಹಿಂದೂಸ್ತಾನ್ ಲೇಟೆಕ್ಸಿಗೂ, ಅಂದರೆ ಈಗಿನ ಎಚ್‌ಎಲ್‌ಎಲ್ ಲೈಫ್‌ಕೇರಿಗೂ, ಗ್ರಾಫೀನ್ ಕೆಲಸಕ್ಕೇ ದುಡ್ಡು ಬಂತು. ತೆಳ್ಳಗಾದರೆ ಸುಖ ಹೆಚ್ಚು, ಸುಖ ಹೆಚ್ಚಾದರೆ ಬಳಸುವವರು ಹೆಚ್ಚು ಅನ್ನುವ ಲೆಕ್ಕ. ಲೆಕ್ಕ ತಪ್ಪಲ್ಲ. 'ಮಜಾ ಇರಲ್ಲ' ಅನ್ನುವುದೇ ಎಷ್ಟೋ ಗಂಡಸರ ದೊಡ್ಡ ದೂರು. ಆದರೆ ಹತ್ತು ವರ್ಷ ದಾಟಿದರೂ ನಮ್ಮೂರ ಮೆಡಿಕಲ್ ಶಾಪಿನ ಗಾಜಿನ ಹಿಂದೆ ಗ್ರಾಫೀನ್ ಕಂಡಿಲ್ಲ. ನನಗೆ ಹೆಚ್ಚು ಇಷ್ಟವಾದದ್ದು ದಕ್ಷಿಣ ಆಫ್ರಿಕಾದ ವಿಲ್ಲೆಮ್ ವಾನ್ ರೆನ್ಸ್‌ಬರ್ಗ್ ಅವರ ಯೋಚನೆ. ಅವರು ರಬ್ಬರಿನ ತಂಟೆಗೆ ಹೋಗಲಿಲ್ಲ. ಪ್ಯಾಕೆಟ್ಟನ್ನೇ ಮಧ್ಯಕ್ಕೆ ಮುರಿದರೆ ಅದರ ಎರಡು ತುಂಡುಗಳೇ ಹಿಡಿಕೆಯಾಗಿ, ಒಂದೇ ಎಳೆತಕ್ಕೆ, ಸರಿಯಾದ ದಿಕ್ಕಿನಲ್ಲಿ ಕೂರುವಂತೆ ಮಾಡಿದರು. ಕತ್ತಲೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಡಿಸೈನ್ ಅಂದರೆ ಅದು!

ಪಕ್ಕದ ಮೈಸೂರಿನಲ್ಲಿ ನಡೆದದ್ದು ಇದಕ್ಕಿಂತ ದೊಡ್ಡ ಪಾಠ. 2004ರಲ್ಲಿ ಅಲ್ಲಿ ಲೈಂಗಿಕ ಕಾರ್ಯಕರ್ತೆಯರ ನಡುವೆ ಎಚ್‌ಐವಿ ತಡೆ ಕೆಲಸ ಶುರುವಾಗಿ, ಅವರದೇ ಸಂಘಟನೆ ಅಶೋದಯ ಸಮಿತಿ ಬೆಳೆಯಿತು. ಕಾಂಡೋಮ್ ಹಂಚುವವರು, ಹೇಳಿಕೊಡುವವರು, ಕ್ಲಿನಿಕ್ಕಿಗೆ ಕರೆದೊಯ್ಯುವವರು ಎಲ್ಲರೂ ಅವರೇ. ಸುಮಾರು ಎರಡೂವರೆ ವರ್ಷದಲ್ಲಿ, ಆಗೊಮ್ಮೆ ಈಗೊಮ್ಮೆ ಬರುವ ಗಿರಾಕಿಗಳ ಜೊತೆ ಕೊನೆಯ ಸಲ ಕಾಂಡೋಮ್ ಬಳಸಿದೆವು ಅಂದವರು ಶೇಕಡಾ 65ರಿಂದ 90ಕ್ಕೆ ಏರಿದರು. ಸಿಫಿಲಿಸ್ 25ರಿಂದ 12ಕ್ಕೆ ಇಳಿಯಿತು. ಅದಕ್ಕೆ ಗ್ರಾಫೀನ್ ಬೇಕಾಗಲಿಲ್ಲ. ಬದಲಾದದ್ದು ಕೊಡುವ ಕೈ, ಮತ್ತು 'ಇಲ್ಲದಿದ್ದರೆ ಬೇಡ' ಅನ್ನುವ ಧೈರ್ಯ.

ಆ ಧೈರ್ಯ ಮದುವೆಯಾದ ಹೆಂಗಸರಿಗೆ ಇನ್ನೂ ಸಿಕ್ಕಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ ವಿವಾಹಿತೆಯರಲ್ಲಿ ಶೇಕಡಾ 37.9 ಮಂದಿ ಆಪರೇಶನ್ ಮಾಡಿಸಿಕೊಂಡವರು, ಕರ್ನಾಟಕದಲ್ಲಿ ಅರ್ಧಕ್ಕಿಂತ ಹೆಚ್ಚು. ಕಾಂಡೋಮ್ ದೇಶಕ್ಕೆ 9.5. ಗಂಡಸರ ಆಪರೇಶನ್ 0.3. ಗಂಡಸು ಐದು ನಿಮಿಷದ ಕಿರಿಕಿರಿ ಬೇಡ ಅಂದದ್ದಕ್ಕೆ ಹೆಂಗಸು ಹೊಟ್ಟೆ ಕುಯ್ಯಿಸಿಕೊಳ್ಳುತ್ತಾಳೆ. ಎರಡನೇ ಹೆರಿಗೆ ಮುಗಿಸಿ ಆಪರೇಶನ್ನೂ ಮಾಡಿಸಿಕೊಂಡು, ಮತ್ತೆ ತಲೆ ಮೇಲೆ ಕಾಫಿ ಮೂಟೆ ಹೊರುವವರನ್ನು ನಮ್ಮ ತೋಟಗಳಲ್ಲಿ ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ. ಯೂಸರ್ ಎರರಿನ ಬಿಲ್ ಕಟ್ಟುತ್ತಿರುವುದು ಇವರು.

2011ರಲ್ಲಿ ಶುರುವಾದ ಯೋಜನೆಯಲ್ಲಿ ಆಶಾ ಕಾರ್ಯಕರ್ತೆ 1 ರೂಪಾಯಿಗೆ ಮೂರು ಕಾಂಡೋಮಿನ ಪ್ಯಾಕೆಟ್ ಮನೆಗೇ ತಂದುಕೊಡುವ ವ್ಯವಸ್ಥೆ ಬಂತು. ಒಳ್ಳೆಯದೇ. ಆದರೆ ಅವಳು ಹೆಂಗಸು, ಮಾತಾಡುವುದು ಹೆಂಗಸರ ಜೊತೆ, ಬಳಸಬೇಕಾದವನು ಗಂಡಸು. ಸಂಬಳದ ದಿನ ಅವನು ಸಾಲಲ್ಲಿ ನಿಲ್ಲುವ ಕಡೆ ಒಂದು ಡಬ್ಬ ಇಡಬಹುದು. ಯಾರನ್ನೂ ಕೇಳದೆ ಕೈಹಾಕಿ ತಗೊಳ್ಳುವಂಥದ್ದು. ಬೆರಳಿಗೆ ಸಿಗುವಂಥ ಕಚ್ಚು ಇರುವ ಪ್ಯಾಕೆಟ್, ಮುಟ್ಟಿದರೆ ಗೊತ್ತಾಗುವ ಮೇಲುಮೈ, ಎಣ್ಣೆ ಬೇಡ ಅನ್ನುವ ಚಿತ್ರ, ಮಾನ ಹೋಗದ ಮೂರು ಅಳತೆ. ಇವಕ್ಕೆ ಹೊಸ ವಿಜ್ಞಾನ ಬೇಕಿಲ್ಲ. ಇದನ್ನೆಲ್ಲಾ ಬಳಸುವವನು ಒರಟು ಕೈಯ, ದಣಿದ, ಕತ್ತಲಲ್ಲಿರುವ ಒಬ್ಬ ಮನುಷ್ಯ ಅಂತ ಡಿಸೈನ್ ಮಾಡುವವರ ತಲೆಗೆ ಬಂದರೆ ಸಾಕು.