ಅಂಚಿನ ಪಟ್ಟಿಯ ಪಂಚಾಯಿತಿ

ಮನೆ ಕಟ್ಟಿಸುವವನನ್ನು ಬುನಾದಿಯ ಹೊತ್ತಿನಲ್ಲಿ ಯಾರೂ ಏನೂ ಕೇಳುವುದಿಲ್ಲ. ಕಂಬಿ ಎಷ್ಟು ದಪ್ಪ, ಕಾಂಕ್ರೀಟಿಗೆ ಜಲ್ಲಿ ಎಷ್ಟು ಎಂಬುದನ್ನೆಲ್ಲ ಇಂಜಿನಿಯರೂ ಮೇಸ್ತ್ರಿಯೂ ತಮ್ಮಲ್ಲೇ ಮಾತಾಡಿಕೊಂಡು ಮುಗಿಸುತ್ತಾರೆ. ಮೋಲ್ಡ್ ಬಿದ್ದು, ಸೆಂಟ್ರಿಂಗ್ ಬಿಚ್ಚಿ, ಕೈಯಲ್ಲಿದ್ದ ದುಡ್ಡು ತಳ ಕಂಡ ಮೇಲೆ ಪ್ರಶ್ನೆಗಳು ಶುರುವಾಗುತ್ತವೆ. "ಸಾರ್, ಹಾಲಿಗೆ ಸ್ಕರ್ಟಿಂಗ್ ಮೂರಿಂಚಾ, ನಾಕಿಂಚಾ? ಮೇಲೆ ಕಾರ್ನಿಸ್ ಬರುತ್ತಾ? ಬಾಗ್ಲಿಗೆ ಬೀಡಿಂಗ್ ಸಾದಾನಾ, ಡಿಸೈನಾ?" ಮೈಸೂರಿನ ರಿಂಗ್ ರಸ್ತೆಯಾಚೆ ನಾವು ಕಟ್ಟಿಸಿದ ಮನೆಯಲ್ಲಿ ಅಡುಗೆಮನೆ, ದೇವರಮನೆ, ವಾಸ್ತು ಎಲ್ಲ ಸೇರಿದರೂ ಆಗದಷ್ಟು ಚರ್ಚೆ ಈ ಮೂರು ಪಟ್ಟಿಗಳ ಮೇಲೆ ನಡೆಯಿತು.

ಹಾಲು ದೊಡ್ಡದೇನಲ್ಲ. 12ಕ್ಕೆ 16 ಅಡಿ, ಸೂರು 10 ಅಡಿ. ಪಿಒಪಿ ಕೆಲಸದ ಹುಡುಗ ಮಧ್ಯದಲ್ಲಿ ನಿಂತು ಒಂದು ಸುತ್ತು ನೋಡಿ ಮೊಬೈಲು ತೆರೆದ. ಅದರಲ್ಲಿದ್ದ ಒಂದೊಂದು ಸೂರಿಗೂ ದ್ರಾಕ್ಷಿಗೊಂಚಲು, ಹೂಬಳ್ಳಿ, ಸುತ್ತ ಚಿನ್ನದ ಬಣ್ಣದ ಗೆರೆ. "ಪ್ಯಾಲೇಸ್ ಲುಕ್ ಬರುತ್ತೆ ಸಾರ್" ಎಂದ. ಮೈಸೂರಿನವರ ಮುಂದೆ ಆಡಬಾರದ ಮಾತು. ನಾವು ಅರಮನೆಗಳನ್ನು ನೋಡಿಕೊಂಡೇ ಬೆಳೆದವರು. ಯಾರದೋ ಆರತಕ್ಷತೆಗೆಂದು ಲಲಿತಮಹಲಿಗೆ ಹೋದಾಗ ಊಟದ ಸಾಲಿನಲ್ಲಿ ನಿಂತು ಕತ್ತೆತ್ತಿದ್ದೇನೆ. ನಾಲ್ವಡಿ ಕೃಷ್ಣರಾಜ ಒಡೆಯರು ವೈಸರಾಯರು ಬಂದರೆ ಇಳಿದುಕೊಳ್ಳಲೆಂದು ಕಟ್ಟಿಸಿದ, 1921ರಲ್ಲಿ ಅಡಿಗಲ್ಲು ಬಿದ್ದ ಕಟ್ಟಡ ಅದು, ನಕ್ಷೆ ಇ. ಡಬ್ಲ್ಯು. ಫ್ರಿಚ್ಲಿಯವರದು. ಅಲ್ಲಿನ ಗಾರೆಯ ಬಳ್ಳಿ-ಹೂಗಳು ಕಣ್ಣಿಗೆ ಹಿತವಾಗಿ ಕಾಣುವುದು ಅವು ಅಷ್ಟು ಎತ್ತರದಲ್ಲಿರುವುದರಿಂದ. ಅದನ್ನೇ ತಂದು 10 ಅಡಿಯ ಸೂರಿಗೆ ಅಂಟಿಸಿದರೆ, ಸೋಫಾದಲ್ಲಿ ಕೂತವನ ತಲೆಗೆ ದ್ರಾಕ್ಷಿ ಉದುರುತ್ತದೇನೋ ಎನ್ನುವ ಭಯ. ಕೆಳಗೊಂದು ಫ್ಯಾನು ಬೇರೆ ತಿರುಗಬೇಕು.

ಹೂಬಳ್ಳಿ ಬೇಡವೆಂದದ್ದಕ್ಕೆ ಹುಡುಗ ಬೇಸರಪಡಲಿಲ್ಲ. ಕೋವ್ ಲೈಟಿನ ಚಿತ್ರ ತೆಗೆದ. ಸೂರಿನ ಅಂಚಿಗೆ ತೊಟ್ಟಿಯ ಹಾಗೆ ಪಟ್ಟಿ ಕಟ್ಟಿ ಒಳಗೆ ದೀಪ ಬಚ್ಚಿಡುವ ಏರ್ಪಾಡು ಅದು. ಪಕ್ಕದ ರಸ್ತೆಯ ಸ್ನೇಹಿತರ ಮನೆಯಲ್ಲಿ ಅದನ್ನು ನೋಡಿದ್ದೆ. ದೀಪಕ್ಕೆ ಹುಳ, ಹುಳಕ್ಕೆ ಹಲ್ಲಿ. ಪಟ್ಟಿಯ ಹಿಂದೆ ಒಂದು ಹಲ್ಲಿ ಸಂಸಾರ ಬಾಡಿಗೆಯಿಲ್ಲದೆ ಸುಖವಾಗಿತ್ತು. ಅವರ ಮನೆಯ ಪಿಒಪಿಯಲ್ಲಿ ಕೂದಲೆಳೆಯಂಥ ಬಿರುಕೊಂದು ಗೋಡೆಯುದ್ದಕ್ಕೂ ಓಡಿತ್ತು. ಇದು ಕೆಲಸದವರ ತಪ್ಪೇ ಆಗಬೇಕೆಂದಿಲ್ಲ. ತಾರಸಿಯ ಸ್ಲ್ಯಾಬು ಹಗಲಿನ ಬಿಸಿಲಿಗೆ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಕೆಳಗಿನ ಇಟ್ಟಿಗೆ ಗೋಡೆ ಅಷ್ಟು ಅಲುಗುವುದಿಲ್ಲ. ಇಬ್ಬರ ಜಗಳದ ಸಂದಿಯಲ್ಲೇ ಕಾರ್ನಿಸನ್ನು ಕೂರಿಸುತ್ತೇವೆ. ಸೀಳುವುದು ಅದೇ.

ಅಷ್ಟರಲ್ಲಿ ಟೆಕ್ಸಾಸಿನಿಂದ ಅಕ್ಕನ ಮಗ ವಿಡಿಯೋ ಕಾಲಿನಲ್ಲಿ ಬಂದ. "ಮಾವ, ಇಲ್ಲಿ ಬೇಸ್‌ಬೋರ್ಡ್ ಇಲ್ಲದ ಮನೇನೇ ಇಲ್ಲ. ಮೇಲೆ ಕ್ರೌನ್ ಮೋಲ್ಡಿಂಗ್ ಹಾಕ್ಸಿ, ಹಾಲಿನ ಕಳೇನೇ ಬದಲಾಗುತ್ತೆ" ಎಂದು ತನ್ನ ಮನೆಯ ಮೂಲೆಮೂಲೆಗೂ ಕ್ಯಾಮೆರಾ ಹಿಡಿದು ತೋರಿಸಿದ. ಚೆನ್ನಾಗಿಯೇ ಇತ್ತು. ಆದರೆ ಅವನ ಮನೆಯದು ಮರದ ಚೌಕಟ್ಟಿಗೆ ಜಿಪ್ಸಂ ಹಲಗೆ ಬಡಿದ ಗೋಡೆ. ತೇವ ಏರಬಾರದೆಂದು ಆ ಹಲಗೆಯನ್ನು ನೆಲಕ್ಕೆ ತಾಗಿಸದೆ ಒಂದಿಷ್ಟು ಸಂದು ಬಿಡುತ್ತಾರೆ. ಮರದ ನೆಲವೂ ಹವೆಗೆ ತಕ್ಕಂತೆ ಹಿಗ್ಗಿ ಕುಗ್ಗುವುದರಿಂದ ಅದಕ್ಕೂ ಗೋಡೆಯ ಪಕ್ಕ ಜಾಗ ಬೇಕು. ಆ ಸಂದುಗಳನ್ನೆಲ್ಲ ಮುಚ್ಚಲು ಪಟ್ಟಿ ಬೇಕೇ ಬೇಕು. ನಮ್ಮದು ಇಟ್ಟಿಗೆ, ಸಿಮೆಂಟು. ಕೈ ಪಳಗಿದ ಗಾರೆಯವನು ಗೋಡೆ-ಸೂರು ಕೂಡುವ ಮೂಲೆಯನ್ನು ಕರಣೆಯಲ್ಲೇ ಗೆರೆ ಕೊರೆದಂತೆ ಎಳೆದು ಕೊಡುತ್ತಾನೆ. ಅಲ್ಲಿ ಮುಚ್ಚುವಂಥದ್ದು ಏನಿರುತ್ತದೆ? ಅವನಿಗೆ ಇಷ್ಟನ್ನು ಹೇಳಿದೆ. "ಆದ್ರೂ ಒಂದು ಲುಕ್ ಮಾವ" ಎಂದ. ಲುಕ್ಕಿಗೆ ವಾದವಿಲ್ಲ.

ಕೆಳಗಿನ ಪಟ್ಟಿಯ ಮಾತು ಬೇರೆ. ಅದನ್ನು ನಾವು ಟೈಲ್ಸಿನ ಜೊತೆ ಕಲಿತದ್ದಲ್ಲ. ಮಲೆನಾಡಿನ ನಮ್ಮಜ್ಜಿಯ ಮನೆಯಲ್ಲಿ ಸುಣ್ಣ ಬಳಿದ ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಕಾರಣೆ ಎಳೆಯುತ್ತಿದ್ದರು. ಸಗಣಿ ಸಾರಿಸುವ ಕೈ ಗೋಡೆಗೆ ತಾಗಿದರೂ, ಮಕ್ಕಳು ಕೂತು ಕಾಲು ಒರಗಿಸಿದರೂ ಆ ಕೆಂಪು ಎಲ್ಲವನ್ನೂ ನುಂಗಿಕೊಳ್ಳುತ್ತಿತ್ತು. ಹಬ್ಬ ಬಂದರೆ ಮತ್ತೊಂದು ಕೈ ಬಳಿದರಾಯಿತು. ಸಾಗರ, ಸೊರಬದ ಕಡೆಯ ದೀವರ ಹೆಣ್ಣುಮಕ್ಕಳು ಅಂಥದೇ ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿಯಿಂದ, ಪುಂಡಿನಾರಿನ ಕುಂಚ ಹಿಡಿದು ಹಸೆ ಚಿತ್ತಾರ ಬರೆಯುತ್ತಾರೆ. ಅದರ ಅಂಚುಗಳನ್ನು ಹತ್ತಿರದಿಂದ ನೋಡಿದವರಿಗೆ ಕ್ಯಾಟಲಾಗಿನ ಬಾರ್ಡರ್ ಟೈಲುಗಳು ರುಚಿಸುವುದು ಕಷ್ಟ. ಮೈಸೂರಿನ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲದಲ್ಲೂ ಅಷ್ಟೇ. ನೆಲದ ಕೆಂಪೇ ಗೇಣುದ್ದ ಗೋಡೆ ಹತ್ತಿ ನಿಲ್ಲುತ್ತಿತ್ತು. ಎಷ್ಟೋ ಮನೆಗಳಲ್ಲಿ ನೆಲ-ಗೋಡೆ ಕೂಡುವಲ್ಲಿ ಮೂಲೆಯೇ ಇರುತ್ತಿರಲಿಲ್ಲ, ಸಣ್ಣ ತಿರುವು ಕೊಟ್ಟು ನಯ ಮಾಡಿರುತ್ತಿದ್ದರು. ಕಸ ನಿಲ್ಲುವುದಕ್ಕೆ ಎಡೆಯೇ ಇಲ್ಲ. ಆಸ್ಪತ್ರೆಯ ಆಪರೇಷನ್ ಥಿಯೇಟರುಗಳಲ್ಲಿ ಇಂದಿಗೂ ಹೀಗೇ ಮಾಡುತ್ತಾರೆ.

ಈ ಗಲಾಟೆಯ ನಡುವೆ ಒಂದು ಭಾನುವಾರ ಸೋಮನಾಥಪುರಕ್ಕೆ ಹೋಗಿದ್ದೆವು. ಮನೆ ಕಟ್ಟಿಸುವವನ ಕಣ್ಣು ಕೆಟ್ಟಿರುತ್ತದೆ. ಕೇಶವನ ದರ್ಶನಕ್ಕೆ ಮೊದಲು ನಾನು ನೋಡಿದ್ದು ಗೋಡೆಯ ಬುಡವನ್ನು. ತೀರಾ ಕೆಳಗೆ ಆನೆಗಳ ಸಾಲು. ಅದರ ಮೇಲೆ ಕುದುರೆ ಸವಾರರು, ಬಳ್ಳಿ, ಪುರಾಣದ ಕಥೆಗಳು, ಮಕರ, ಎಲ್ಲಕ್ಕಿಂತ ಮೇಲೆ ಹಂಸ. ಭಾರ ಹೊರುವವರು ಕೆಳಗೆ, ಹಾರುವವರು ಮೇಲೆ. ಗರ್ಭಗುಡಿಗಳ ಹೊರಮೈ 16 ಮೊನೆಯ ನಕ್ಷತ್ರದಂತೆ ಮಡಿಕೆ ಮಡಿಕೆ; ಪ್ರತಿ ಮಡಿಕೆಯಲ್ಲೂ ಆರು ಪಟ್ಟಿಗಳೂ ಹೊರಳುತ್ತ ಹೋಗುತ್ತವೆ, ಎಲ್ಲಿಯೂ ಸಾಲು ತಪ್ಪುವುದಿಲ್ಲ. ಕಲ್ಲು ಬಳಪದ ಕಲ್ಲು, ಗಣಿಯಿಂದ ಬಂದ ಹೊಸತರಲ್ಲಿ ಮೆತ್ತಗಿರುತ್ತದೆ ಎನ್ನುವುದು ನಿಜ. ಆದರೂ 13ನೇ ಶತಮಾನದ ಆ ಕೈಗಳಿಗೆ ನಮಸ್ಕಾರ ಹಾಕಿದೆ. "ನಮ್ ಹಾಲಿಗೆ ಇರೋದು ನಾಕೇ ಮೂಲೆ. ಅದಕ್ಕೆ ತಿಂಗಳಿಂದ ಒದ್ದಾಡ್ತಿದ್ದೀರಿ" ಎಂದಳು ನನ್ನವಳು.

ನಾಲ್ಕು ಮೂಲೆಯ ಕಷ್ಟ ಬಡಗಿಗೆ ಗೊತ್ತು. ಬಾಗಿಲುವಾಡದ ಸುತ್ತ ಬರುವ ಬೀಡಿಂಗನ್ನು ನಾನು ವಿರೋಧಿಸಲಿಲ್ಲ. ಮರ ಒಣಗುತ್ತ ಕುಗ್ಗಿದಾಗ ಅದಕ್ಕೂ ಪ್ಲಾಸ್ಟರಿಗೂ ನಡುವೆ ಬಿರುಕು ಬಿಡುವುದು ಖಚಿತ. ಅದನ್ನು ಮುಚ್ಚಲು ಪಟ್ಟಿ ಬೇಕು. ಆಚಾರ್ರು ತೇಗದ ಎರಡು ಪಟ್ಟಿಗಳನ್ನು 45 ಡಿಗ್ರಿಗೆ ಕೊಯ್ದು, ವಾಡದ ಮೂಲೆಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು. ಒಳಗಡೆ ಕೂಡಿತ್ತು, ಹೊರತುದಿಯಲ್ಲಿ ಉಗುರಿನಷ್ಟು ಬಾಯಿ ಬಿಟ್ಟಿತ್ತು. ಮೂಲೆಮಟ್ಟ ಇಟ್ಟರು. ತಪ್ಪು ಪಟ್ಟಿಯದಲ್ಲ, ವಾಡವೇ ಕೂರಿಸುವಾಗ ಒಂದು ಎಳೆ ವಾಲಿತ್ತು. ಅವರೇನೂ ಹೇಳಲಿಲ್ಲ. ಕೀಸುಳಿ ತೆಗೆದು ತುದಿಯನ್ನು ಎರಡೇ ಎರಡು ಸಲ ಹೆರೆದು ಮತ್ತೆ ಹಿಡಿದರು, ಕೂಡಿತು. ಉಳಿದ ಕೂದಲೆಳೆಗೆ ಅದೇ ತೇಗದ ಹುಡಿಯನ್ನು ಫೆವಿಕಾಲಿನಲ್ಲಿ ಕಲಸಿ ಹೆಬ್ಬೆರಳಲ್ಲಿ ತೀಡಿದರು. "ಪಾಲಿಷ್ ಆದ್ಮೇಲೆ ನಿಮ್ಗೂ ಗೊತ್ತಾಗಲ್ಲ ಬಿಡಿ" ಎಂದರು. ಡಿಸೈನಿನ ಪಟ್ಟಿಯಾಗಿದ್ದರೆ ಒಂದೊಂದು ಕೊರೆತವೂ ಮೂಲೆಯಲ್ಲಿ ಎದುರಿನ ಕೊರೆತಕ್ಕೆ ಸರಿಯಾಗಿ ಕೂಡಬೇಕು. ಸಾದಾ ಪಟ್ಟಿ ಹಾಕಿಸಿದೆವು.

ಸ್ಕರ್ಟಿಂಗಿನ ತೀರ್ಪು ಕೊಟ್ಟವರು ನಮ್ಮಲ್ಲಿ ಕೆಲಸಕ್ಕೆ ಬರುವಾಕೆ. ಗೋಡೆಯಿಂದ ಮುಂದೆ ಚಾಚಿದ ಸ್ಕರ್ಟಿಂಗಿನ ತಲೆಯ ಮೇಲೆ ಧೂಳು ಕೂರುತ್ತದೆ, ದಿನಾ ಬಗ್ಗಿ ಒರೆಸುವವಳು ತಾನು ಎಂದು ಆಕೆ ನೇರವಾಗಿ ಹೇಳಿದರು. ಪ್ಲಾಸ್ಟರಿಂಗ್ ಇನ್ನೂ ಆಗಿರಲಿಲ್ಲ. ಬುಡದಲ್ಲಿ 4 ಇಂಚು ಬಿಟ್ಟು ಪ್ಲಾಸ್ಟರ್ ನಿಲ್ಲಿಸಿ, ಟೈಲ್ಸ್ ಪಟ್ಟಿಯನ್ನು ಗೋಡೆಯ ಮಟ್ಟಕ್ಕೇ ಕೂರಿಸಲು ಮೇಸ್ತ್ರಿಗೆ ಹೇಳಿದೆವು. ಟೈಲ್ಸ್ ಕೊಯ್ದರೆ ಕಾಣುವ ಒರಟು ಅಂಚೂ ಅದರಿಂದ ಮುಚ್ಚಿಹೋಯಿತು.

ಕೆಳಗಿನ ಪಟ್ಟಿ ದುಡಿಯುತ್ತದೆ, ಮೇಲಿನದು ಮೆರೆಯುತ್ತದೆ. ದುಡ್ಡು ಕಡಿಮೆಯಿದ್ದರೆ ಕೆಳಗೆ ಹಾಕಿ. ಹೆಚ್ಚಿದ್ದರೂ ಮೊದಲು ಸೂರಿನ ಎತ್ತರ ಅಳೆದು ನೋಡಿ. ಇನ್ನೊಂದು ವಿಷಯ: ನೆಲದ ಟೈಲ್ಸ್ ಕೊಳ್ಳುವಾಗಲೇ ಸ್ಕರ್ಟಿಂಗಿನದನ್ನೂ ಸೇರಿಸಿ ತಂದುಬಿಡಿ. ಬಾಗಿಲುಗಳನ್ನು ಕಳೆದು ನಮ್ಮ ಹಾಲಿನ ಸುತ್ತಳತೆ 45 ಅಡಿಯ ಆಸುಪಾಸು. 2 ಅಡಿ ಚದರದ ಒಂದು ಟೈಲ್ಸಿನಲ್ಲಿ 4 ಇಂಚಿನ ಐದು ಪಟ್ಟಿ, ಅಂದರೆ 10 ಅಡಿ ಸಿಗುತ್ತದೆ. ಒಡೆದದ್ದು, ಕೊಯ್ದದ್ದು ಎಲ್ಲ ಸೇರಿಸಿದರೂ ಎರಡು ಬಾಕ್ಸ್ ಸಾಕು. ಆಮೇಲೆ ತಂದರಾಯಿತು ಎಂದು ಬಿಟ್ಟರೆ ಅಂಗಡಿಯಲ್ಲಿ ಅದೇ ಡಿಸೈನ್ ಇರಬಹುದು, ಅದೇ ಬ್ಯಾಚ್ ಸಿಗುವ ಭರವಸೆಯಿಲ್ಲ. ಬ್ಯಾಚ್ ಬದಲಾದರೆ ಬಣ್ಣ ಹೊಂದುವುದಿಲ್ಲ.